ಜಾರ್ಜ್‌ಕುಟ್ಟಿ ಮಾಡಿದ್ದು ಸರಿಯೇ?

ಕೆಲವು ಸಿನಿಮಾಗಳು ಚಿತ್ರಮಂದಿರದ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತವೆ. ಕೆಲವು ನಮ್ಮ ಜೊತೆ ಮನೆಗೆ ಬಂದು, ಊಟದ ಹೊತ್ತಿನಲ್ಲಿ ಅಪ್ಪ, ಅಮ್ಮ, ಮಕ್ಕಳನ್ನು ವಾದಕ್ಕೆ ಎಳೆಯುತ್ತವೆ. 2013ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ಗೆ ಕೆಲವೇ ದಿನ ಮೊದಲು ಬಿಡುಗಡೆಯಾದ ಮಲಯಾಳಂ ಚಿತ್ರ ‘ದೃಶ್ಯಂ’ ಈ ಎರಡನೆಯ ಜಾತಿಯದು. ಜೀತು ಜೋಸೆಫ್ ಬರೆದು ನಿರ್ದೇಶಿಸಿದ ಈ ಕಥೆಯ ಬಗ್ಗೆ ನೋಡಿದವರ ವಾದ ಇನ್ನೂ ಮುಗಿದಿಲ್ಲ.

ಗಡಿನಾಡಿನ ನಮ್ಮ ಕುಟುಂಬಗಳಿಗೆ ಈ ಕಥೆ ಒಂದೇ ಭಾಷೆಯಲ್ಲಿ ಸಿಕ್ಕಿದ್ದಲ್ಲ. ಕಾಸರಗೋಡು, ವಯನಾಡಿನ ಕಡೆ ಮೋಹನ್‌ಲಾಲ್ ಅವರ ಜಾರ್ಜ್‌ಕುಟ್ಟಿ. ಹೊಸೂರು, ತಾಳವಾಡಿಯ ಕಡೆ 2015ರ ‘ಪಾಪನಾಶಂ’ನಲ್ಲಿ ಕಮಲ್ ಹಾಸನ್ ಅವರ ಸುಯಂಬುಲಿಂಗಂ. ಆದೋನಿ, ರಾಯದುರ್ಗದ ಕಡೆ 2014ರಲ್ಲಿ ವೆಂಕಟೇಶ್. ಸೊಲ್ಲಾಪುರ, ಗೋವಾದವರಿಗೆ 2015ರ ಹಿಂದಿ ಚಿತ್ರದ ಅಜಯ್ ದೇವಗನ್. ಅಲ್ಲಿ ಕಥೆ ನಡೆಯುವುದೇ ಗೋವಾದಲ್ಲಿ. ಕನ್ನಡದಲ್ಲಿ 2014ರ ‘ದೃಶ್ಯ’, ನಾಯಕ ರವಿಚಂದ್ರನ್. ಭಾಷೆ ಯಾವುದಾದರೂ ಪ್ರಶ್ನೆ ಒಂದೇ: ಆ ಅಪ್ಪ ಮಾಡಿದ್ದು ಸರಿಯೇ?

ಕಥೆ ಇಷ್ಟು

ಜಾರ್ಜ್‌ಕುಟ್ಟಿ ಅನಾಥನಾಗಿ ಬೆಳೆದವನು, ನಾಲ್ಕನೇ ತರಗತಿಗೆ ಓದು ಬಿಟ್ಟವನು. ಇಡುಕ್ಕಿಯ ಗುಡ್ಡಗಾಡಿನಲ್ಲಿ ಕೇಬಲ್ ಟಿ.ವಿ. ನಡೆಸುತ್ತಾ, ರಾತ್ರಿಯೆಲ್ಲಾ ಕಚೇರಿಯಲ್ಲಿ ಕುಳಿತು ಸಿನಿಮಾ ನೋಡುವುದು ಅವನ ಹುಚ್ಚು. ಹೆಂಡತಿ ರಾಣಿ, ಹೆಣ್ಣುಮಕ್ಕಳು ಅಂಜು ಮತ್ತು ಅನು. ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತು ಪೂಜೆ ಕೇಳುವಂಥ ಒಂದು ಸಾಧಾರಣ ಕ್ರೈಸ್ತ ಕುಟುಂಬ.

ಅಂಜು ಶಾಲೆಯ ಶಿಬಿರಕ್ಕೆ ಹೋದಾಗ ವರುಣ್ ಎಂಬ ಹುಡುಗ ಮೊಬೈಲು ಬಚ್ಚಿಟ್ಟು ಅವಳು ಸ್ನಾನ ಮಾಡುವುದನ್ನು ಚಿತ್ರೀಕರಿಸುತ್ತಾನೆ. ಅದನ್ನೇ ಹಿಡಿದುಕೊಂಡು ಒಂದು ರಾತ್ರಿ ಮನೆಗೇ ಬಂದು ಬೆದರಿಸುತ್ತಾನೆ. ತಾಯಿ ಕೈಮುಗಿದರೆ ಅವಳ ಮೇಲೂ ಕಣ್ಣು ಹಾಕುತ್ತಾನೆ. ಅಂಜು ಕೈಗೆ ಸಿಕ್ಕ ಪೈಪಿನಿಂದ ಹೊಡೆದಾಗ ಅವನು ಅಲ್ಲೇ ಸಾಯುತ್ತಾನೆ. ಗಾಬರಿಯಾದ ತಾಯಿ-ಮಗಳು ಹೆಣವನ್ನು ಗೊಬ್ಬರದ ಗುಂಡಿಯಲ್ಲಿ ಹೂಳುತ್ತಾರೆ. ಆದರೆ ಸತ್ತವನು ಪೊಲೀಸ್ ಐ.ಜಿ. ಗೀತಾ ಪ್ರಭಾಕರ್ ಅವರ ಒಬ್ಬನೇ ಮಗ. ವಿಷಯ ತಿಳಿದ ಜಾರ್ಜ್‌ಕುಟ್ಟಿ, ತಾನು ನೋಡಿದ ಸಾವಿರ ಸಿನಿಮಾಗಳ ಬುದ್ಧಿಯನ್ನೆಲ್ಲಾ ಕೂಡಿಸಿ, ಆ ದಿನ ತಾವು ಊರಲ್ಲೇ ಇರಲಿಲ್ಲ ಎಂದು ಇಡೀ ಊರು ನಂಬುವ ಹಾಗೆ ಮಾಡುತ್ತಾನೆ.

ನೋಡಿದವರು ಏನೆನ್ನುತ್ತಾರೆ?

ಹೆಚ್ಚಿನವರದು ಒಂದೇ ಮಾತು: ಅವನು ಮಾಡಿದ್ದು ಸರಿ. ಮಗಳ ಮಾನಕ್ಕೆ ಕೈ ಹಾಕಿದವನಿಗಾಗಿ ಯಾವ ಅಪ್ಪ ಮಗಳನ್ನು ಜೈಲಿಗೆ ಕಳುಹಿಸಿಯಾನು? ಸತ್ತವನ ತಾಯಿಯೇ ಪೊಲೀಸ್ ಅಧಿಕಾರಿಯಾಗಿರುವಾಗ ನ್ಯಾಯ ಎಲ್ಲಿ ಕೇಳುವುದು? ಪುಟ್ಟ ಅನುವಿನ ಮೇಲೆ ಕಾನ್‌ಸ್ಟೇಬಲ್ ಸಹದೇವನ್ ಕೈ ಮಾಡುವ ದೃಶ್ಯ ನೋಡಿದ ಮೇಲಂತೂ ಪೊಲೀಸರ ಪರ ನಿಲ್ಲುವುದು ಕಷ್ಟ.

ಇನ್ನು ಕೆಲವರ ಮನಸ್ಸು, ಮುಖ್ಯವಾಗಿ ತಾಯಂದಿರದು, ಗೀತಾ ಕಡೆಗೂ ವಾಲುತ್ತದೆ. ಮಗ ಕೆಟ್ಟವನಿರಬಹುದು, ಆದರೂ ಅವನು ಎಲ್ಲಿದ್ದಾನೆಂದು ತಿಳಿಯದೆ ಕಾಯುವ ತಾಯಿಯ ಸಂಕಟ ಸುಳ್ಳಲ್ಲ. ಕೊನೆಯಲ್ಲಿ ಆ ತಂದೆ-ತಾಯಿ ಜಾರ್ಜ್‌ಕುಟ್ಟಿಯ ಮುಂದೆ ನಿಂತು, ನಮ್ಮ ಮಗ ಇನ್ನು ಬರುತ್ತಾನೋ ಇಲ್ಲವೋ ಅಷ್ಟು ಹೇಳಿ ಎಂದು ಕೇಳುವಾಗ ಎರಡು ಮನೆಗಳ ನೋವು ಎದುರುಬದುರಾಗುತ್ತದೆ. ಅವನು ನೇರವಾಗಿ ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಕ್ಷಮೆ ಮಾತ್ರ ಬೇಡುತ್ತಾನೆ.

ಮೂರನೆಯ ಅಭಿಪ್ರಾಯ ನಮ್ಮಂಥ ಕುಟುಂಬಗಳಿಗೆ ಹತ್ತಿರದ್ದು. ಜಾರ್ಜ್‌ಕುಟ್ಟಿ ತನ್ನ ಸುಳ್ಳಿಗೆ ಆರಿಸಿಕೊಳ್ಳುವ ನೆಪ ತೊಡುಪುಳದ ಒಂದು ಧ್ಯಾನಕೂಟ! ಮನಸ್ಸು ತಿದ್ದಿಕೊಳ್ಳಲು ಹೋಗುವ ಜಾಗವೇ ಸತ್ಯ ಮುಚ್ಚುವ ಸಾಕ್ಷಿಯಾಯಿತು. ಅದಕ್ಕಿಂತ ನೋಯಿಸುವುದು ಇನ್ನೊಂದು: ಪೊಲೀಸರು ಕೇಳಿದರೆ ಹೀಗೆಯೇ ಹೇಳಬೇಕೆಂದು ಅಪ್ಪ ತನ್ನ ಮಕ್ಕಳಿಗೆ ಮತ್ತೆ ಮತ್ತೆ ಪಾಠ ಮಾಡುವುದು. ಸುಳ್ಳು ಹೇಳಬಾರದೆಂದು ಕಲಿತ ಮಗು ಅಪ್ಪನಿಂದಲೇ ಸುಳ್ಳು ಕಲಿಯುತ್ತದೆ.

ಕಾನೂನು ಬಲ್ಲವರ ಮಾತು

ಕಾನೂನು ಬಲ್ಲವರು ಎತ್ತುವ ಅಂಶವೊಂದನ್ನು ಬಹಳ ಜನ ಗಮನಿಸುವುದಿಲ್ಲ. ಅತ್ಯಾಚಾರದ ಉದ್ದೇಶದಿಂದ ಮೈಮೇಲೆ ಬಂದವನಿಂದ ತನ್ನನ್ನಾಗಲಿ ಇನ್ನೊಬ್ಬರನ್ನಾಗಲಿ ರಕ್ಷಿಸುವಾಗ ಅವನು ಸತ್ತರೂ, ಅದು ಆತ್ಮರಕ್ಷಣೆಯ ಹಕ್ಕಿಗೆ ಒಳಪಡಬಹುದೆಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಆಗ ಅದು ಭಾರತೀಯ ದಂಡ ಸಂಹಿತೆಯ 100ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 38ನೇ ಕಲಮು. ಅಂದರೆ ಅಂಜುವಿನ ಪರ ನ್ಯಾಯಾಲಯದಲ್ಲಿ ವಾದಿಸಲು ದಾರಿಯಿತ್ತು. ಆದರೆ ಹೆಣ ಹೂತು ಸಾಕ್ಷ್ಯ ಅಳಿಸಿದ್ದು ತಾನೇ ಒಂದು ಬೇರೆ ಅಪರಾಧ. ಗಾಬರಿಯಲ್ಲಿ ಮಾಡಿದ ಆ ಕೆಲಸದಿಂದ, ಹೇಳಿಕೊಳ್ಳಬಹುದಾಗಿದ್ದ ಸತ್ಯವೂ ಹೇಳಲಾಗದ ಗುಟ್ಟಾಯಿತು.

ಪೊಲೀಸರಿಗೆ ಸಿಗಲಿಲ್ಲ, ಆದರೆ...

ಮೊದಲ ಚಿತ್ರ ನೋಡಿ ಚಪ್ಪಾಳೆ ಹೊಡೆದವರೂ 2021ರ ಫೆಬ್ರವರಿಯಲ್ಲಿ ಬಂದ ‘ದೃಶ್ಯಂ 2’ ನೋಡಿ ಸುಮ್ಮನಾದರು. ಆರು ವರ್ಷ ಕಳೆದಿದೆ. ಜಾರ್ಜ್‌ಕುಟ್ಟಿ ಈಗ ಚಿತ್ರಮಂದಿರದ ಮಾಲೀಕ, ಜೊತೆಗೆ ಕುಡಿತ ಅಂಟಿದೆ. ಅಂಜುವಿಗೆ ಅಪಸ್ಮಾರ, ಪೊಲೀಸ್ ವಾಹನ ಕಂಡರೆ ನಡುಗುತ್ತಾಳೆ. ಊರವರು ಅವಳ ಬಗ್ಗೆ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ರಾಣಿ ಒಬ್ಬಂಟಿಯಾಗಿ ಬೇಯುತ್ತಾಳೆ. ಅವಳು ಗೆಳತಿಯೆಂದು ನಂಬಿದ ಪಕ್ಕದ ಮನೆಯವಳು ಮಾರುವೇಷದ ಪೊಲೀಸ್! ಮಗನ ಅವಶೇಷವನ್ನಾದರೂ ಕೊಡು, ಅಂತ್ಯಕ್ರಿಯೆ ಮಾಡುತ್ತೇನೆ ಎಂದು ವರುಣನ ತಂದೆ ಬೇಡಿಕೊಳ್ಳುತ್ತಾರೆ.

ಕಾನೂನಿನ ಕೈಗೆ ಸಿಗದವರು ಹೀಗೆ ಮನೆಯೊಳಗೇ ಸೆರೆಯಾಗಿದ್ದಾರೆ. ಮೊದಲ ಭಾಗದಲ್ಲಿ ಜಾಣತನ ನೋಡಿ ಮೆಚ್ಚಿದವರಿಗೆ ಎರಡನೆಯ ಭಾಗ ಅದರ ಬೆಲೆ ತೋರಿಸುತ್ತದೆ ಎಂಬುದು ಹಲವರ ಅಭಿಪ್ರಾಯ.

ಇದೇ ಕಥೆಯನ್ನು ಚೀನಿಯರು 2019ರಲ್ಲಿ ತಮ್ಮ ಭಾಷೆಯಲ್ಲಿ ತೆಗೆದರು. ಅಲ್ಲಿ ಅಪ್ಪ ಕೊನೆಗೆ ತಾನೇ ಹೋಗಿ ತಪ್ಪೊಪ್ಪಿಕೊಂಡು ಜೈಲಿಗೆ ಹೋಗುತ್ತಾನೆ. ನಮ್ಮ ಪ್ರೇಕ್ಷಕರಲ್ಲಿ ಕೆಲವರಿಗೆ ಇದು ಸಪ್ಪೆ ಅನ್ನಿಸುತ್ತದೆ, ಕೆಲವರಿಗೆ ಇದೇ ಸರಿಯಾದ ಮುಕ್ತಾಯ. ಯಾರಿಗೂ ಹೇಳಲಾಗದ ತಪ್ಪು ಎದೆಯನ್ನು ಹೇಗೆ ಒತ್ತುತ್ತದೆ, ಹೇಳಿದ ಮೇಲೆ ಹೇಗೆ ಹಗುರವಾಗುತ್ತದೆ ಎಂಬುದು ಪಾಪನಿವೇದನೆಯ ಅನುಭವವಿರುವ ನಮಗೆ ಹೊಸದಲ್ಲ.

ನಮ್ಮ ಮನೆಯಲ್ಲಾದರೆ?

ಪ್ರಿಯ ಓದುಗರೇ, ಹೆಣ ಹೂಳುವ ಸಂದರ್ಭ ನಮಗೆ ಬಾರದು. ಆದರೆ ಅದಕ್ಕೂ ಮೊದಲಿನ ಸಂದರ್ಭ ಯಾವ ಮನೆಗಾದರೂ ಬರಬಹುದು. ಕೆಟ್ಟ ವಿಡಿಯೋ ಇಟ್ಟುಕೊಂಡು ಯಾರೋ ಬೆದರಿಸಿದಾಗ ಅಂಜು ಮೊದಲು ಯಾರಿಗೂ ಹೇಳಲಿಲ್ಲ. ಅಪ್ಪ ಬಯ್ದಾರು, ಊರು ನಕ್ಕೀತು ಎಂಬ ಹೆದರಿಕೆ. ಇಂದು ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಈ ಅಪಾಯ ಇನ್ನೂ ಹೆಚ್ಚು.

ಹಾಗಾದಾಗ ಮಗು ಮೊದಲು ನಮ್ಮ ಬಳಿ ಬರುವಂತಿರಬೇಕು. ಬಂದಾಗ, “ನೀನ್ಯಾಕೆ ಅಲ್ಲಿಗೆ ಹೋದೆ?” ಎಂದು ಗದರಿಸುವ ಮುನ್ನ, “ನಾನಿದ್ದೇನೆ, ಹೇಳು ಮಗಳೇ” ಎನ್ನೋಣ. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ, ಅವೇ ಸಾಕ್ಷ್ಯ. ಬೆದರಿಸುವವನಿಗೆ ಹಣ ಕೊಡಬೇಡಿ, ಅವನನ್ನು ಒಂಟಿಯಾಗಿ ಭೇಟಿಯಾಗಬೇಡಿ. ಹದಿನೆಂಟು ತುಂಬದ ಮಕ್ಕಳಿಗೆ 2012ರ ಪೋಕ್ಸೊ ಕಾಯ್ದೆಯ ರಕ್ಷಣೆಯಿದೆ. ಮಗುವಿನ ಹೆಸರು, ಗುರುತನ್ನು ಪತ್ರಿಕೆಗಳು ಬಯಲು ಮಾಡುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಗಂಡುಮಕ್ಕಳಿರುವ ಮನೆಗೂ ಇಲ್ಲಿ ಪಾಠವಿದೆ: ವರುಣನೂ ಒಂದು ಒಳ್ಳೆಯ ಮನೆಯ, ಮುದ್ದಿನ ಮಗನೇ ಆಗಿದ್ದ.

ಮುಂದಿನ ಸಲ ಈ ಚಿತ್ರ ಟಿ.ವಿ.ಯಲ್ಲಿ ಬಂದಾಗ ಮನೆಯವರೆಲ್ಲಾ ಕೂಡಿ ನೋಡಿ. ಮುಗಿದ ಮೇಲೆ ಟಿ.ವಿ. ಆರಿಸಿ, ಮಕ್ಕಳನ್ನು ಒಂದು ಮಾತು ಕೇಳಿ: ಅಂಜುವಿನ ಜಾಗದಲ್ಲಿ ನೀನಿದ್ದರೆ ಮೊದಲು ಯಾರಿಗೆ ಹೇಳುತ್ತಿದ್ದೆ? ಉತ್ತರ “ಅಮ್ಮನಿಗೆ” ಅಥವಾ “ಅಪ್ಪನಿಗೆ” ಎಂದು ಬಂದರೆ ಸಂತೋಷ. ಬಾರದಿದ್ದರೆ ಬೇಸರಪಡಬೇಡಿ, ಯಾಕೆಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.