ಯಾವ ಕರೆಂಟು?

ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲೋ ಕೆ.ಆರ್. ಪೇಟೆ ಸಂತೆಯಲ್ಲೋ ‘ಕಿದ್ವಾಯಿಗೆ ಹೋಗಿ ಕರೆಂಟ್ ಕೊಡುಸ್ಕಂಡ್ ಬಂದೊ’ ಎಂದು ಯಾರಾದರೂ ಅಂದರೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ಕ್ಯಾನ್ಸರ್ ಆಸ್ಪತ್ರೆಯ ರೇಡಿಯೇಷನ್ನಿಗೆ ಹೆಸರೇ ಅದು. ಆದರೆ ಅಲ್ಲಿ ಮೈಗೆ ಹಾಯುವುದು ಕಿರಣ, ಕರೆಂಟಲ್ಲ. ನಿಜಕ್ಕೂ ಕರೆಂಟ್ ಕೊಡುವ ಕ್ಯಾನ್ಸರ್ ಚಿಕಿತ್ಸೆ ಬೇರೆಯೇ ಇದೆ: ಎಲೆಕ್ಟ್ರೋಕೀಮೋಥೆರಪಿ.

ಅದರ ಮೂಲ ಮಣ್ಣಿನಲ್ಲಿದೆ. ಜಪಾನಿನ ಹಮಾವೊ ಉಮೆಜಾವಾ 1960ರ ದಶಕದಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ಬ್ಲಿಯೋಮೈಸಿನ್ ತೆಗೆದರು. ಡಿಎನ್‌ಎಯನ್ನೇ ತುಂಡರಿಸುವ ಔಷಧಿ. ಆದರೆ ಜೀವಕೋಶದ ಪೊರೆ ಅದನ್ನು ಸುಲಭಕ್ಕೆ ಒಳಗೆ ಬಿಡದು. ವಿ.ಸಿ. ನಾಲೆ ತುಂಬಿ ಹರಿದರೂ ತೂಬು ಎತ್ತದಿದ್ದರೆ ಪಾಂಡವಪುರದ ಗದ್ದೆ ನೆನೆಯುತ್ತದೆಯೆ?

ತೂಬು ಎತ್ತುವ ಉಪಾಯ ಸಿಕ್ಕಿದ್ದು ವಿದ್ಯುತ್ತಿನಲ್ಲಿ. ಕ್ಷಣಮಾತ್ರದ ವಿದ್ಯುತ್ ಮಿಡಿತ ಪೊರೆಯಲ್ಲಿ ದಾರಿ ಬಿಡಿಸುತ್ತದೆಂದು ಜರ್ಮನಿಯ ಎಬರ್‌ಹಾರ್ಡ್ ನ್ಯೂಮನ್ ತಂಡ 1982ರಲ್ಲಿ ಇಲಿಯ ಜೀವಕೋಶಗಳೊಳಕ್ಕೆ ಜೀನ್ ದಾಟಿಸಿ ತೋರಿಸಿತು. ಅದೇ ದಾರಿಯಲ್ಲಿ ಬ್ಲಿಯೋಮೈಸಿನ್ ಒಳಬಿಡುವ ಚಿಕಿತ್ಸೆಯನ್ನು ರೋಗಿಯ ಹಾಸಿಗೆವರೆಗೆ ತಂದವರು ಫ್ರಾನ್ಸಿನವರು. ಹಿಂದೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡುಬಿಟ್ಟು ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಹೆಸರು ಬಂತಲ್ಲ, ಅದೇ ಫ್ರಾನ್ಸು. ಪ್ಯಾರಿಸ್ ಪಕ್ಕದ ಗುಸ್ತಾವ್ ರುಸಿ ಸಂಸ್ಥೆಯಲ್ಲಿ ಲೂಯಿಸ್ ಮೀರ್ ಮತ್ತು ಸಂಗಡಿಗರು ತಲೆ-ಕತ್ತಿನ ಕ್ಯಾನ್ಸರ್ ಗಂಟುಗಳ ಮೇಲೆ ಮಾಡಿದ ಚಿಕಿತ್ಸೆಯ ವರದಿ 1991ರಲ್ಲಿ ಬಂತು. 2006ರಲ್ಲಿ ಯುರೋಪಿನ ತಜ್ಞರು ಒಂದು ಕ್ರಮವನ್ನೇ ಗೊತ್ತುಮಾಡಿದರು: ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು 8 ನಿಮಿಷ ಬಿಟ್ಟು ಗಂಟಿಗೆ 8 ಮಿಡಿತ. ಸೆಂಟಿಮೀಟರಿಗೆ ಸುಮಾರು 1000 ವೋಲ್ಟ್. ಪಂಪ್‌ಸೆಟ್ಟಿನ ತ್ರೀ ಫೇಸ್ ಬಲ್ಲವರಿಗೆ ಎದೆ ಝಲ್ಲೆನ್ನಬೇಕು. ಆದರೆ ಒಂದೊಂದು ಮಿಡಿತವೂ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಪೊರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಔಷಧಿ ಒಳಗೇ ಉಳಿಯುತ್ತದೆ.

ಮಿಡಿತಕ್ಕೆ ಸ್ನಾಯು ಜಿಗಿಯುತ್ತದೆ, ನೋವಾಗುತ್ತದೆ, ಅದಕ್ಕೇ ಅರಿವಳಿಕೆ. ಇಟಲಿಯ ವಿಜ್ಞಾನಿ ಗಲ್ವಾನಿ ಸತ್ತ ಕಪ್ಪೆಯ ಕಾಲಿನಲ್ಲಿ ಕಂಡದ್ದೂ ಇದೇ ಜಿಗಿತ. ಅವನು ಅದನ್ನು ಅಚ್ಚಿಗೆ ಕೊಟ್ಟದ್ದು 1791ರಲ್ಲಿ.

ಇದು ಎಲ್ಲ ಕ್ಯಾನ್ಸರಿಗೂ ಆಗಿಬರುವ ಮದ್ದಲ್ಲ. ಹೆಚ್ಚಾಗಿ ಚರ್ಮದ ಮೇಲಿನ, ಸೂಜಿಗೆ ಎಟಕುವ ಗಂಟುಗಳಿಗೆ. ಹಾಗಾಗಿ ಡಾಕ್ಟರು ‘ಕರೆಂಟ್’ ಅಂದರೆ ಗಾಬರಿಯಾಗಬೇಡಿ, ಯಾವ ಕರೆಂಟು ಅಂತ ಕೇಳಿ.