ಒಂದು ಕೂದಲು

ಪೀಣ್ಯದಲ್ಲಿ ಬೆಳಗಿನ ಪಾಳಿಗೆ ಹೋಗುವ ಹೆಂಗಸರ ಗುಂಪಿನಲ್ಲಿ ನಮ್ಮ ಕಾರ್ಖಾನೆಯವರನ್ನು ಯಾರಾದರೂ ಗುರುತಿಸಬಹುದು. ಮುಡಿಯಲ್ಲಿ ಹೂವಿಲ್ಲ, ಕೈಯಲ್ಲಿ ಬಳೆಯಿಲ್ಲ, ಉಗುರಿಗೆ ಬಣ್ಣವಿಲ್ಲ. ಅಂಟಿಸುವ ಬೊಟ್ಟನ್ನೂ ಲಾಕರಿನ ಬಾಗಿಲಿಗೆ ಅಂಟಿಸಿಯೇ ಒಳಗೆ ಹೋಗಬೇಕು. ಸಂಜೆ ಅದೇ ಬೊಟ್ಟು ಮತ್ತೆ ಹಣೆಗೆ.

ನಾವು ಮಾಡುವುದು ಡ್ರಿಪ್ ಹಾಕಲು ರಕ್ತನಾಳಕ್ಕೆ ಚುಚ್ಚುವ ಕ್ಯಾನುಲಾ. ಹಸಿರಾದರೆ 18 ಗೇಜ್, ಗುಲಾಬಿ 20, ನೀಲಿ 22, ಕೂಸುಗಳ ಕೈಗೆ ಹಳದಿಯ 24. 2005ರಿಂದಲೇ ಕಾನೂನಿನ ಕಣ್ಣಲ್ಲಿ ಇದು ‘ಔಷಧ’. ನುಂಗುವಂಥದ್ದಲ್ಲದಿದ್ದರೂ!

ಒಳಗೆ ಹೋಗುವುದೇ ಒಂದು ಮಡಿ. ಅಡ್ಡಬೆಂಚಿನ ಮೇಲೆ ಕೂತು, ಈಚೆಯ ಚಪ್ಪಲಿ ಬಿಟ್ಟು, ಕಾಲನ್ನು ಆಚೆ ಇಳಿಸಿ ಬೇರೆ ಚಪ್ಪಲಿ ಮೆಟ್ಟಬೇಕು. ಕ್ಯಾಪು, ಮಾಸ್ಕು, ಗೌನು. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯದು. ಒಳಗಿನ ಗಾಳಿಯ ಒತ್ತಡ ತುಸು ಹೆಚ್ಚಿರುವುದರಿಂದ ಬಾಗಿಲು ತೆರೆದಾಗ ಗಾಳಿ ಹೊರಕ್ಕೇ ನುಗ್ಗುತ್ತದೆ, ದೂಳಿಗೆ ಒಳಗೆ ದಾರಿಯಿಲ್ಲ. ಕೋಣೆಯದು ಐಎಸ್‌ಒ 7 ದರ್ಜೆ: ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕೂ ದೊಡ್ಡ ಕಣಗಳು 3,52,000 ಮೀರಬಾರದು. ಅಷ್ಟೊಂದಿದ್ದರೂ ಶುದ್ಧವೇ ಅಂತ ಮೊದಲ ದಿನ ನಕ್ಕಿದ್ದೆ. ಬಸ್‌ಸ್ಟಾಪಿನ ಗಾಳಿಯಲ್ಲಿ ಎಷ್ಟಿರುತ್ತದೆಂದು ಹೇಳಿದ ಮೇಲೆ ನಗು ನಿಂತಿತು. ಅಜ್ಜಿ ಮಡಿಯಲ್ಲಿದ್ದಾಗ ನಾವು ಅವಳನ್ನು ಮುಟ್ಟುವಂತಿರಲಿಲ್ಲ. ಇಲ್ಲಿ ಮಡಿಯುಟ್ಟವಳೂ ನಾನೇ, ಮೈಲಿಗೆಯೂ ನಾನೇ. ನನ್ನ ಉಸಿರು, ಉದುರುವ ಚರ್ಮ, ಕೂದಲು.

ಆ ಕೂದಲೇ ಒಮ್ಮೆ ಸಿಕ್ಕಿಬಿಟ್ಟಿತು. ಸೀಲಾದ ಗುಲಾಬಿ ಕ್ಯಾನುಲಾದ ಪೊಟ್ಟಣದಲ್ಲಿ, ಬೆರಳುದ್ದದ್ದು, ತುದಿಯಲ್ಲಿ ಸ್ವಲ್ಪ ಸುರುಳಿ. ಎಥಿಲೀನ್ ಆಕ್ಸೈಡ್ ಅನಿಲ ಪೊಟ್ಟಣದ ಕಾಗದ ತೂರಿ ಹೋಗಿ ಕ್ರಿಮಿಯನ್ನು ಕೊಲ್ಲುತ್ತದೆ ನಿಜ, ಕೂದಲನ್ನು ಏನು ಮಾಡೀತು? ಇಡೀ ಲಾಟಿಗೆ ಹೋಲ್ಡ್ ಚೀಟಿ ಬಿತ್ತು. ಯಂತ್ರಗಳು ನಿಂತಾಗ ಆ ಕೋಣೆ ಎಷ್ಟು ನಿಶ್ಶಬ್ದವೆಂದು ಅಂದೇ ಗೊತ್ತಾದದ್ದು. ಒಬ್ಬರ ಹಣೆಯಂಚನ್ನು ಇನ್ನೊಬ್ಬರು ಕಳ್ಳನೋಟದಲ್ಲಿ ನೋಡಿದೆವು. ಗುಂಗುರು ಕೂದಲಿನವಳು ಊಟಕ್ಕೇ ಬರಲಿಲ್ಲ. ಬೆರಳುದ್ದದ ಕೂದಲು ಗಂಡಸರದೂ ಆಗಬಹುದಲ್ಲ ಎಂದು ಯಾರೋ ಮೆಲ್ಲಗೆ ಅಂದದ್ದೇ, ಸೂಪರ್‌ವೈಸರ್ ಸಾರ್ ಕೈ ತಂತಾನೇ ಕ್ಯಾಪಿನ ಕಡೆ ಹೋಯಿತು.

ಆಮೇಲೆ ಬರವಣಿಗೆ. ಇಲ್ಲಿ ಬರೆಯದ ಕೆಲಸ ಮಾಡದ ಕೆಲಸವೇ. ತಪ್ಪಿದರೆ ವೈಟ್ನರ್ ಹಚ್ಚುವಂತಿಲ್ಲ, ಒಂದೇ ಗೆರೆ ಹೊಡೆದು ಸಹಿ, ತಾರೀಕು. ತಪ್ಪೂ ಓದಲು ಸಿಗಬೇಕು. ‘ಏಕೆ?’ ಎಂದು ಐದು ಸಲ ಕೇಳಿಕೊಂಡು ಮೂಲ ಕಾರಣ ಹುಡುಕುವುದು ಪದ್ಧತಿ. ಕೂದಲು ಏಕೆ ಬಿತ್ತು? ಕ್ಯಾಪಿನಿಂದ ಹೊರಬಂದಿತ್ತು. ಏಕೆ? ಎಲಾಸ್ಟಿಕ್ ಸಡಿಲ. ಏಕೆ? ಕ್ಯಾಪು ಅಗ್ಗದ್ದು. ನಾಲ್ಕನೆಯ ಏಕೆಗೆ ಖರೀದಿ ವಿಭಾಗದ ಬಾಗಿಲು ಬಂತು. ಮೀಟಿಂಗ್ ಅಲ್ಲಿಗೇ ಮುಗಿಯಿತು.

ಕೂದಲು ಯಾರದೆಂದು ಗೊತ್ತಾಗಲೇ ಇಲ್ಲ. ಮುಂದಿನ ವಾರ ಹೊಸ ಕ್ಯಾಪುಗಳು ಬಂದವು, ಎಲಾಸ್ಟಿಕ್ ಬಲು ಬಿಗಿ. ಈಗ ಸಂಜೆ ಮೆಟ್ರೊದಲ್ಲಿ ನಮ್ಮನ್ನು ಗುರುತಿಸಲು ಇನ್ನೊಂದು ಗುರುತುಂಟು: ಬೊಟ್ಟಿನ ಮೇಲೆ, ಹಣೆಯ ಈ ತುದಿಯಿಂದ ಆ ತುದಿಗೆ ಒಂದು ಕೆಂಪು ಗೆರೆ.