ಒಂದು ಯಂತ್ರದೊಳಗೆ ಹಲವು ಯಂತ್ರಗಳು: ಮನೆಯ ಪ್ರಯೋಗಶಾಲೆಯ ಆಯವ್ಯಯ

ಒಂದು ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ನಡೆಯಿಸುವ ವಿದ್ಯೆ ಇಂದು ನಿನ್ನೆಯದಲ್ಲ. ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐ.ಬಿ.ಎಂ. ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಅವರ ಸಂಗಡಿಗರು 1964ರಲ್ಲಿ ಕೈಗೊಂಡ ಸಿ.ಪಿ.-40 ಎಂಬ ವ್ಯವಸ್ಥೆಯು 1967ರ ಜನವರಿಯಲ್ಲಿ ಬಳಕೆಗೆ ಬಂದಿತು. ಒಂದೇ ಯಂತ್ರವು ಹದಿನಾಲ್ಕು ಯಂತ್ರಗಳಾಗಿ ತೋರಬಲ್ಲುದಾಗಿತ್ತು. ಯಂತ್ರದ ಬೆಲೆ ಅಪಾರವಾಗಿದ್ದ ಆ ದಿನಗಳಲ್ಲಿ ಹಂಚಿಕೊಂಡು ಬಳಸುವುದು ಅನಿವಾರ್ಯವಾಗಿತ್ತು. 1972ರಲ್ಲಿ ವಿ.ಎಂ./370 ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂದಿತು. ಅನಂತರ ಅಗ್ಗದ ಮೇಜಿನ ಕಂಪ್ಯೂಟರುಗಳ ಕಾಲ ಬರಲು ಈ ವಿದ್ಯೆ ತಕ್ಕಮಟ್ಟಿಗೆ ಮರೆಗೆ ಸರಿಯಿತು. ಇಂಥ ವಿಭಜನೆಗೆ ಯಂತ್ರದಲ್ಲಿ ಯಾವ ಗುಣಗಳಿರಬೇಕೆಂಬುದನ್ನು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು 1974ರಲ್ಲಿಯೇ ನಿರೂಪಿಸಿದ್ದರು. ಎಕ್ಸ್86 ವಂಶದ ಮೇಜಿನ ಯಂತ್ರಗಳಲ್ಲಿ ಆ ಗುಣಗಳು ಪೂರ್ಣವಾಗಿರಲಿಲ್ಲ. 1999ರಲ್ಲಿ ವಿಎಂವೇರ್ ಸಂಸ್ಥೆಯು ತಂತ್ರಾಂಶದ ಚಾತುರ್ಯದಿಂದ ಆ ಕೊರತೆಯನ್ನು ದಾಟಿತು. 2005ರಲ್ಲಿ ಇಂಟೆಲ್, 2006ರಲ್ಲಿ ಎ.ಎಂ.ಡಿ. ಸಂಸ್ಥೆಗಳು ಪ್ರೊಸೆಸರಿನಲ್ಲಿಯೇ ಅದಕ್ಕೆ ನೆರವು ಕಲ್ಪಿಸಿದವು; 2007ರಲ್ಲಿ ಲಿನಕ್ಸಿನ ತಿರುಳಿಗೆ ಕೆ.ವಿ.ಎಂ. ಸೇರಿತು. ಅಲ್ಲಿಂದ ಮುಂದೆ ಈ ವಿದ್ಯೆ ಸಾಮಾನ್ಯರ ಮನೆಗೆ ಎಟುಕಿತೆನ್ನಬಹುದು.

‘ವರ್ಚುವಲ್’ ಎಂಬ ಪದಕ್ಕೆ ಕೆಲವರು ‘ಮಿಥ್ಯಾ’ ಎಂದು ಹೇಳುವುದುಂಟು. ಅದು ಸರಿಯಾದ ಅನುವಾದವಲ್ಲ. ಈ ಯಂತ್ರಕ್ಕೆ ಒಡಲಿಲ್ಲದಿದ್ದರೂ ಅದು ಮಾಡಿದ ಕೆಲಸ ನಿಜವೇ. ವೇದಾಂತಿಗಳು ಹೇಳುವ ವ್ಯಾವಹಾರಿಕ ಸತ್ಯಕ್ಕೆ ಇದು ಹೆಚ್ಚು ಸಮೀಪ.

ಇಂಥ ಪ್ರಯೋಗಶಾಲೆ ಮನೆಯಲ್ಲಿ ಯಾರಿಗೆ ಬೇಕು? ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲಸಿದ ನಮ್ಮವರ ಎಷ್ಟೋ ಮನೆಗಳಲ್ಲಿ ಸರ್ವರುಗಳ ಆಡಳಿತ, ಜಾಲದ ನಿರ್ವಹಣೆ, ದತ್ತಾಂಶ ರಕ್ಷಣೆ ಮುಂತಾದ ವಿದ್ಯೆಗಳನ್ನು ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಪುಸ್ತಕದಿಂದ ಇವು ಬಾರವು. ಯಂತ್ರವನ್ನು ಕೆಡಿಸಿ, ಮತ್ತೆ ಕಟ್ಟಿ, ಮತ್ತೆ ಕೆಡಿಸಬೇಕು. ಕಚೇರಿಯ ಯಂತ್ರದಲ್ಲಿ ಆ ಸ್ವಾತಂತ್ರ್ಯವಿಲ್ಲ. ಬಾಡಿಗೆಯ ಕ್ಲೌಡ್ ಸೇವೆಯಲ್ಲಿ ಸ್ವಾತಂತ್ರ್ಯವುಂಟು, ಗಡಿಯಾರವೂ ಜೊತೆಗೇ ಓಡುತ್ತಿರುತ್ತದೆ. ಆದುದರಿಂದ ಸ್ವಂತ ಯಂತ್ರದ ಆಸೆ ಹುಟ್ಟುವುದು ಸಹಜ.

ಆಸೆ ಮೊದಲು ಎಡವುವುದು ಬೆಲೆಯ ಚೀಟಿಯಲ್ಲಿ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್ ಮೊದಲಾದ ಪೇಟೆಗಳಲ್ಲಿ ದೊಡ್ಡ ಕಂಪೆನಿಗಳು ಬಳಸಿ ಬಿಟ್ಟ ಹಳೆಯ ಸರ್ವರುಗಳು ಅಗ್ಗವಾಗಿ ದೊರೆಯುವುದುಂಟು. ಎರಡು ಪ್ರೊಸೆಸರು, ಧಾರಾಳವಾದ ಮೆಮೊರಿ. ನೋಡಿದವರಿಗೆ ಲಾಭದ ವ್ಯಾಪಾರವೆಂದೇ ತೋರುತ್ತದೆ. ಆದರೆ ಯಂತ್ರದ ಬೆಲೆ ಒಮ್ಮೆ ಕೊಡತಕ್ಕದ್ದು, ವಿದ್ಯುತ್ತಿನ ಬೆಲೆ ತಿಂಗಳು ತಿಂಗಳೂ ಕೊಡತಕ್ಕದ್ದು. ಒಂದು ವ್ಯಾಟ್ ಹಗಲಿರುಳೂ ಉರಿದರೆ ವರ್ಷಕ್ಕೆ 8.76 ಯೂನಿಟ್ ಆಗುತ್ತದೆ. ಹಳೆಯ ಸರ್ವರೊಂದು ಏನೂ ಕೆಲಸವಿಲ್ಲದೆ ಸುಮ್ಮನೆ ಕುಳಿತಾಗಲೂ 120 ವ್ಯಾಟ್ ತಿನ್ನುವುದು ಅಪರೂಪವಲ್ಲ. ವರ್ಷಕ್ಕೆ 1,051 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೆ 10,500 ರೂಪಾಯಿಗೆ ಮೇಲಾಯಿತು. ಕಚೇರಿಗಳಲ್ಲಿ ಪರದೆಯ ಹಿಂದೆ ಅಡಗಿಸಿಡುವ ಪುಸ್ತಕದ ಗಾತ್ರದ ಮಿನಿ ಕಂಪ್ಯೂಟರು ಅದೇ ಸುಮ್ಮನಿರುವ ಸ್ಥಿತಿಯಲ್ಲಿ 12 ವ್ಯಾಟ್ ಬಳಸಿದರೆ ಖರ್ಚು ಅದರ ಹತ್ತನೆಯ ಒಂದು ಪಾಲು. ಸರ್ವರಿಗೆ 12,000, ಸಾಕಷ್ಟು ಮೆಮೊರಿ ಹಾಕಿಸಿದ ಮಿನಿ ಯಂತ್ರಕ್ಕೆ 25,000 ರೂಪಾಯಿ ಎಂದು ಭಾವಿಸಿದರೆ, ಹೆಚ್ಚು ತೆತ್ತ ಹದಿಮೂರು ಸಾವಿರವು, ನೂರಕ್ಕೆ ಹತ್ತರ ಬಡ್ಡಿಯನ್ನು ಸೇರಿಸಿದರೂ, ಹದಿನೆಂಟು ತಿಂಗಳೊಳಗೆ ಮರಳಿ ಬರುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳುಂಟು. ಮನೆಬಳಕೆಯ ವಿದ್ಯುತ್ ದರ ಮಹಾರಾಷ್ಟ್ರದಲ್ಲಿ ಮೆಟ್ಟಲು ಮೆಟ್ಟಲಾಗಿ ಏರುತ್ತದೆ. ಹೊಸದಾಗಿ ಸೇರುವ ತಿಂಗಳಿನ 86 ಯೂನಿಟ್ಟುಗಳ ಮೇಲೆ ಬೀಳುವುದು ಸರಾಸರಿ ದರವಲ್ಲ, ಆ ಮನೆ ಮುಟ್ಟಿದ ಅತ್ಯಂತ ಮೇಲಿನ ಮೆಟ್ಟಲಿನ ದರ. ಎರಡನೆಯದಾಗಿ, ಯಂತ್ರ ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಏರ್‌ಕಂಡಿಷನರ್ ನಡೆಯುತ್ತಿದ್ದರೆ ಮೂರು ವ್ಯಾಟ್ ಶಾಖವನ್ನು ಹೊರದೂಡಲು ಸುಮಾರು ಒಂದು ವ್ಯಾಟ್ ಮತ್ತೆ ಬೇಕು. ಸರ್ವರಿನ ಪಂಖಗಳ ಅಬ್ಬರದಲ್ಲಿ ಮನೆಯ ಹಿರಿಯರಿಗೆ ನಿದ್ರೆ ಬಾರದೆಂಬುದು ಯಾವ ಲೆಕ್ಕಪುಸ್ತಕದಲ್ಲಿಯೂ ಸಿಗದ ವೆಚ್ಚ. ಆದರೆ ಭಾನುವಾರಗಳಂದು ಮಾತ್ರ ನಾಲ್ಕಾರು ಗಂಟೆ ಬಳಸಿ ಆರಿಸಿಬಿಡುವವರಿಗೆ ಈ ವಾದ ಹೊಂದದು. ವರ್ಷಕ್ಕೆ 300 ಗಂಟೆ ಎಂದರೆ 36 ಯೂನಿಟ್ ಮಾತ್ರ. ಅಂಥವರು ಹಳೆಯ ಸರ್ವರನ್ನೇ ಕೊಂಡರೆ ದೋಷವಿಲ್ಲ.

ಕೊಳ್ಳುವಾಗ ಪ್ರೊಸೆಸರಿನ ಮೇಲೆ ನಮೂದಿಸಿದ 35 ವ್ಯಾಟ್, 65 ವ್ಯಾಟ್ ಎಂಬ ಅಂಕಿಗಳಿಗೆ ಮರುಳಾಗಬಾರದು. ಅವು ದುಡಿಮೆಯ ಮಿತಿಯನ್ನು ಸೂಚಿಸುತ್ತವೆಯೇ ಹೊರತು ವಿಶ್ರಾಂತಿಯ ವೆಚ್ಚವನ್ನಲ್ಲ. ಒಂದೇ ಪೀಳಿಗೆಯ ಆ ಎರಡು ಪ್ರೊಸೆಸರುಗಳು ಸುಮ್ಮನಿರುವಾಗ ಹೆಚ್ಚುಕಡಮೆ ಒಂದೇ ಸಮನಾಗಿರುತ್ತವೆ. ಮನೆಯ ಪ್ರಯೋಗಶಾಲೆ ದಿನದ ಬಹುಭಾಗವನ್ನು ವಿಶ್ರಾಂತಿಯಲ್ಲೇ ಕಳೆಯುತ್ತದೆಯಷ್ಟೆ. ಪ್ರೊಸೆಸರಿಗಿಂತ ಹೆಚ್ಚಾಗಿ ಇತರ ಅಂಗಗಳು ಹೊರೆಯಾಗುತ್ತವೆ. ತಿರುಗುವ ದೊಡ್ಡ ಹಾರ್ಡ್ ಡಿಸ್ಕ್ ಒಂದೊಂದೂ ನಾಲ್ಕೈದು ವ್ಯಾಟ್ ಬೇಡುತ್ತದೆ. ನೂರಾರು ವ್ಯಾಟಿಗೆಂದು ಕಟ್ಟಿದ ಪವರ್ ಸಪ್ಲೈ ಹತ್ತಿಪ್ಪತ್ತು ವ್ಯಾಟಿನ ಹೊರೆಯಲ್ಲಿ ದಕ್ಷತೆ ಕಳೆದುಕೊಳ್ಳುತ್ತದೆ. ಹಳೆಯ ಜಾಲದ ಕಾರ್ಡೊಂದು ಇಡೀ ಪ್ರೊಸೆಸರನ್ನು ಗಾಢನಿದ್ರೆಗೆ ಇಳಿಯಗೊಡದೆ ಎಚ್ಚರವಾಗಿಡಬಲ್ಲದು. ಬಯಾಸ್‌ನಲ್ಲಿ ಸಿ-ಸ್ಟೇಟ್ ಎಂಬ ನಿದ್ರಾಸ್ಥಿತಿಗಳನ್ನು ತೆರೆದಿಡುವುದು, ಗೋಡೆಯ ಪ್ಲಗ್ಗಿಗೆ ಸಣ್ಣ ವ್ಯಾಟ್ ಮೀಟರ್ ಸಿಕ್ಕಿಸಿ ಅಳೆಯುವುದು, ಇವೆರಡಕ್ಕೆ ಸಮನಾದ ಉಳಿತಾಯ ಬೇರಿಲ್ಲ.

ಇನ್ನು, ಒಂದು ಯಂತ್ರವನ್ನು ಎಷ್ಟು ಜನಕ್ಕೆ ಹಂಚಬಹುದು? ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಠೇವಣಿದಾರರೆಲ್ಲ ಒಂದೇ ದಿನ ಹಣ ಕೇಳಲು ಬರುವುದಿಲ್ಲವೆಂಬ ನಂಬಿಕೆಯ ಮೇಲೆ ಬ್ಯಾಂಕು ನಿಂತಿದೆ. ಪ್ರೊಸೆಸರಿನ ಹಂಚಿಕೆಯೂ ಹಾಗೆಯೇ. ನಾಲ್ಕು ಕೋರುಗಳ ಯಂತ್ರದಲ್ಲಿ ಆರೇಳು ವರ್ಚುವಲ್ ಯಂತ್ರಗಳಿಗೆ ತಲಾ ಎರಡೆರಡು ಕೋರುಗಳ ವಾಗ್ದಾನ ಮಾಡಬಹುದು; ಎಲ್ಲವೂ ಒಟ್ಟಿಗೆ ದುಡಿದರೆ ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಮೆಮೊರಿಯ ವಿಷಯ ಹಾಗಲ್ಲ. ಒಂದೇ ಬಗೆಯ ಪುಟಗಳನ್ನು ಗುರುತಿಸಿ ಒಂದೇ ಪ್ರತಿ ಇಟ್ಟುಕೊಳ್ಳುವ ಉಪಾಯಗಳಿದ್ದರೂ, 16 ಗಿಗಾಬೈಟ್ ಇಟ್ಟುಕೊಂಡು 24 ಗಿಗಾಬೈಟ್ ಹಂಚಿದರೆ ಡಿಸ್ಕಿನ ಮೊರೆಹೊಕ್ಕು ಯಂತ್ರ ತೆವಳತೊಡಗುತ್ತದೆ. ಡಿಸ್ಕಿನದು ಇನ್ನೂ ಅಪಾಯದ ಸಾಲ: 500 ಗಿಗಾಬೈಟ್ ಇಟ್ಟುಕೊಂಡು 1,200 ಗಿಗಾಬೈಟ್ ಇದೆಯೆಂದು ತೋರಿಸಲು ಬರುತ್ತದೆ; ನಿಜವಾಗಿ ತುಂಬಿದ ದಿನ ಒಳಗಿನ ಯಂತ್ರಗಳು ಇದ್ದಲ್ಲಿಯೇ ನಿಂತುಬಿಡುತ್ತವೆ. ಹೀಗಾಗಿ ಹಣವನ್ನು ಮೊದಲು ಮೆಮೊರಿಗೆ ತೆಗೆದಿಡುವುದು ವಿವೇಕ. ಅದರ ಬೆಲೆ 2025ರ ಕೊನೆಯ ಹೊತ್ತಿಗೆ ಬಹಳ ಏರಿದುದರಿಂದ, ಮೆಮೊರಿ ಸಮೇತವಾದ ಬಳಸಿದ ಯಂತ್ರವನ್ನೇ ಹುಡುಕುವುದು ಲೇಸು.

ತಂತ್ರಾಂಶಕ್ಕೆ ಹಣ ಸುರಿಯಬೇಕಾಗಿಲ್ಲ. ಕೆ.ವಿ.ಎಂ. ಆಧಾರದ ಪ್ರಾಕ್ಸ್‌ಮಾಕ್ಸ್ ಮನೆಬಳಕೆಗೆ ಉಚಿತವಾಗಿ ದೊರೆಯುತ್ತದೆ. ವಿಎಂವೇರ್ ಸಂಸ್ಥೆಯನ್ನು ಬ್ರಾಡ್‌ಕಾಮ್ 2023ರ ನವೆಂಬರಿನಲ್ಲಿ ಕೊಂಡ ಮೇಲೆ ಇ.ಎಸ್.ಎಕ್ಸ್.ಐ.ಯ ಉಚಿತ ಆವೃತ್ತಿಯನ್ನು 2024ರಲ್ಲಿ ಹಿಂತೆಗೆದುಕೊಂಡು, 2025ರಲ್ಲಿ ಮತ್ತೆ ಕೊಟ್ಟಿತು. ಕೊಟ್ಟು ಕಸಿಯುವ ದಾತನನ್ನು ನಂಬಿ ಕಲಿಕೆಯ ತಳಹದಿ ಹಾಕುವುದು ಉಚಿತವಲ್ಲ. ಕೇವಲ ರುಚಿ ನೋಡಬೇಕೆನ್ನುವವರಿಗೆ ಇರುವ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿದರೂ ಸಾಕು.

ಮೂರು ಸರ್ವರುಗಳ ಕೂಟವನ್ನು ಅಭ್ಯಾಸ ಮಾಡಲು ಮೂರು ಪೆಟ್ಟಿಗೆಗಳೇ ಬೇಕೆಂದು ಹಲವರು ಭ್ರಮಿಸುತ್ತಾರೆ. ವರ್ಚುವಲ್ ಯಂತ್ರದೊಳಗೆ ಮತ್ತೆ ವರ್ಚುವಲ್ ಯಂತ್ರವನ್ನಿಡುವ ಸೌಕರ್ಯ ಇಂದಿನ ಪ್ರೊಸೆಸರುಗಳಲ್ಲಿರುವುದರಿಂದ ಆ ಪಾಠವೂ ಒಂದೇ ಪೆಟ್ಟಿಗೆಯಲ್ಲಿ ಮುಗಿಯುತ್ತದೆ, ವೇಗ ಕುಗ್ಗುವುದಷ್ಟೆ. ಪೆಟ್ಟಿಗೆ ಒಂದೇ ಆದಾಗ ಅದರ ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು. ಆದುದರಿಂದ ವಾರಕ್ಕೊಮ್ಮೆ ಪ್ರತಿ ತೆಗೆದು, ಯಂತ್ರಕ್ಕೆ ಅಂಟಿರದ ಬೇರೊಂದು ಡಿಸ್ಕಿನಲ್ಲಿಡತಕ್ಕದ್ದು. ಸಣ್ಣ ಯು.ಪಿ.ಎಸ್. ಒಂದಿದ್ದರೆ, 12 ವ್ಯಾಟಿನ ಯಂತ್ರವಾದುದರಿಂದ, ವಿದ್ಯುತ್ ಹೋದಮೇಲೂ ಬರೆಯುತ್ತಿದ್ದುದನ್ನು ಮುಗಿಸಿ ಆರಿಸಲು ಬೇಕಾದಷ್ಟು ಅವಕಾಶ ಉಳಿಯುತ್ತದೆ.